ರಬ್ಬರ್ ಆಸಿಡ್ ಕಣ್ಣಿಗೆ, ಮೈಗೆ ಹಾರಿದರೆ ಮೊದಲು ಎಂತ ಮಾಡಬೇಕು? ಕ್ಯಾನ್ ಎಲ್ಲಿಡುವುದು?

ಬೆಳ್ಳೂರು ತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ, ಬೆಳ್ಳೂರು ಪಂಚಾಯತಿನಲ್ಲಿ. ಕೆಳಗೆ ಅಡಿಕೆ, ಮೇಲೆ ಗುಡ್ಡದಲ್ಲಿ ರಬ್ಬರ್. ಟ್ಯಾಪಿಂಗ್ ಮಾಡುವ ಅಣ್ಣ ಮತ್ತು ಅವರ ಹೆಂಡತಿ ತೋಟದ ಶೆಡ್ಡಿನಲ್ಲೇ ಇದ್ದಾರೆ. ಮರ ಕೊಯ್ದು ರಬ್ಬರ್ ಹಾಲು ತರುವುದು ಅಣ್ಣ, ಅದನ್ನು ಸೋಸಿ ನೀರು ಸೇರಿಸಿ, ಡಿಶ್ಶಿಗೆ ಎರೆದು, ಆಸಿಡ್ ಹಾಕಿ ಶೀಟು ಮಾಡುವುದು ಅಕ್ಕ.

ಹೋದ ವಾರ ಅಕ್ಕ ದೊಡ್ಡ ಕ್ಯಾನಿನಿಂದ ಸಣ್ಣ ಬಾಟ್ಲಿಗೆ ಆಸಿಡ್ ಬಗ್ಗಿಸುತ್ತಿದ್ದರು. 35 ಕೆ.ಜಿ.ಯ ಹೊಸ ಕ್ಯಾನ್, ಬಾಯಿವರೆಗೆ ತುಂಬಿತ್ತು. ಅಂಥದ್ದನ್ನು ವಾಲಿಸುವಾಗ ಒಳಗೆ ಗಾಳಿ ಹೋಗಲು ಜಾಗ ಸಾಲದೆ ಗಳಕ್ ಗಳಕ್ ಎಂದು ಒಮ್ಮೆಲೇ ಹೊರಗೆ ಬರುತ್ತದಲ್ಲ, ಹಾಗೆ ಹಾರಿ ಬಲಗೈಗೆ, ಕೆನ್ನೆಗೆ, ಎಡಗಣ್ಣಿಗೆ ಬಿತ್ತು.

ಕಿರುಚಿದ್ದು ಕೇಳಿ ಎಲ್ಲರೂ ಓಡಿದೆವು. ಅತ್ತೆ ತೆಂಗಿನೆಣ್ಣೆ ತಂದರು. ಮಾವ, ‘ಆಸಿಡಿಗೆ ಸುಣ್ಣವೇ ಮದ್ದು, ಅಡಿಕೆಗೆ ಮದ್ದು ಬಿಡಲು ತಂದ ಸುಣ್ಣ ಉಂಟಲ್ಲ, ಅದರ ತಿಳಿ ಹಾಕಿ’ ಎಂದರು. ಟ್ಯಾಪಿಂಗ್ ಅಣ್ಣ ಬಕೆಟಿನಲ್ಲಿದ್ದ ರಬ್ಬರ್ ಹಾಲನ್ನೇ ಹೆಂಡತಿಯ ಕೈಗೆ ಸುರಿಯಲು ಹೊರಟಿದ್ದರು. ಹಾಲು ಆಸಿಡನ್ನು ಎಳೆದುಕೊಂಡು ಗಟ್ಟಿಯಾಗುತ್ತದೆ, ಚರ್ಮಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಅಕ್ಕನನ್ನು ನಳ್ಳಿಯ ಹತ್ತಿರ ಎಳೆದುಕೊಂಡು ಹೋದೆ. ಕರೆಂಟಿಲ್ಲ, ಟ್ಯಾಂಕು ಖಾಲಿ. ದನಗಳಿಗೆ ತುಂಬಿಸಿಟ್ಟ ಡ್ರಮ್ಮಿನಿಂದ ಚೆಂಬಿನಲ್ಲಿ ಮೊಗೆಮೊಗೆದು ಸುರಿದೆವು. ಆಮೇಲೆ ಜೀಪಿನಲ್ಲಿ ಆಸ್ಪತ್ರೆಗೆ. ಕಣ್ಣು ಉಳಿದಿದೆ, ಕೆಂಪು ದಿನದಿಂದ ದಿನಕ್ಕೆ ಇಳಿಯುತ್ತಿದೆ. ಕೈಯಲ್ಲಿ ಗುಳ್ಳೆ ಎದ್ದು ಒಡೆದು, ಈಗ ಡ್ರೆಸ್ಸಿಂಗ್ ನಡೆಯುತ್ತಿದೆ.

ಆ ದಿನದಿಂದ ಮನೆಯಲ್ಲಿ ಇದೇ ಚರ್ಚೆ. ಒಬ್ಬೊಬ್ಬರದು ಒಂದೊಂದು ಮಾತು. ಕ್ಯಾನಿನ ಮೇಲಿನ ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವರು ಪೆನ್ನಿನಲ್ಲಿ ಗೀಚಿದ್ದು ಮಲಯಾಳದಲ್ಲಿ. ಅಕ್ಕನಿಗೆ ಓದಲು ಬರುವುದು ಕನ್ನಡ ಮಾತ್ರ. ಅವರ ಕೈಗೆ ಕೊಡುವಂತೆ ಕನ್ನಡದಲ್ಲಿ ಒಂದು ಹಾಳೆ ಬರೆದು ಶೆಡ್ಡಿನ ಗೋಡೆಗೆ ಅಂಟಿಸಬೇಕೆಂದಿದ್ದೇನೆ. ಅದರಲ್ಲಿ ತಪ್ಪು ಇರಬಾರದು. ಆದ್ದರಿಂದ ಕೇಳುತ್ತಿದ್ದೇನೆ: ಮೈಗೆ ಬಿದ್ದರೆ ನೀರು ಎಷ್ಟು ಹೊತ್ತು? ಸುಣ್ಣ, ಸೋಡಾಪುಡಿ ಇವೆಲ್ಲ ಬೇಕಾ, ಬೇಡವಾ? ಮಕ್ಕಳು ಯಾರಾದರೂ ಕುಡಿದುಬಿಟ್ಟರೆ? ಈಗ ಕ್ಯಾನ್ ಇರುವುದು ಕೈಸಾಲೆಯ ಮೂಲೆಯಲ್ಲಿ, ದಿನದ ಬಳಕೆಯದ್ದು ತಂಪು ಪಾನೀಯದ ಬಾಟ್ಲಿಯಲ್ಲಿ. ಇದನ್ನು ನೋಡಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

---

ಪೆರ್ಲದವ ಉತ್ತರಿಸಿದ್ದು:

ತಂಗಿ, ಡ್ರಮ್ಮಿನ ನೀರು ಸುರಿದದ್ದಕ್ಕೇ ಆ ಹೆಂಗಸಿನ ಕಣ್ಣು ಉಳಿದದ್ದು. ಇದನ್ನು ನಿಮ್ಮ ಮನೆಯವರಿಗೆಲ್ಲ ಓದಿ ಹೇಳಿ.

ನಾನು ಮೊದಲು ಬೈಕಂಪಾಡಿಯ ಒಂದು ಕೆಮಿಕಲ್ ಗೋದಾಮಿನಲ್ಲಿದ್ದೆ. ಊರಿಗೆ ಬಂದ ಮೇಲೆ ರಬ್ಬರ್ ಉತ್ಪಾದಕರ ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಕೆಲಸ. ಗೋದಾಮಿನಲ್ಲಿ ಇದೇ ಆಸಿಡ್ ಮುಟ್ಟಬೇಕಾದರೆ ಕನ್ನಡಕ, ಏಪ್ರನ್, ದಪ್ಪ ಗ್ಲೌಸ್, ಪಕ್ಕದಲ್ಲೇ ಕಣ್ಣು ತೊಳೆಯುವ ನಳ್ಳಿ, ಮೇಲಿನಿಂದ ನೀರು ಸುರಿಯುವ ಶವರ್, ಎಲ್ಲ ಇತ್ತು. ಊರಿಗೆ ಬಂದು ನೋಡಿದರೆ ಅದೇ ಆಸಿಡ್, ಅದೇ ಖಾರ, ಲುಂಗಿ ಉಟ್ಟು ಬರಿಗಾಲಲ್ಲಿ ನಿಂತು ಗೆರಟೆಯಲ್ಲಿ ಮೊಗೆಯುತ್ತಿದ್ದರು! ಆವತ್ತಿನಿಂದ ಹೇಳುತ್ತಾ ಬಂದಿದ್ದೇನೆ.

ನಿಮ್ಮ ಕ್ಯಾನಿನಲ್ಲಿರುವುದು ಫಾರ್ಮಿಕ್ ಆಸಿಡ್. ಸಾಮಾನ್ಯವಾಗಿ ಬರುವುದು 85 ಶೇಕಡಾದ್ದು, ಅಂದರೆ ನೂರರಲ್ಲಿ 85 ಪಾಲು ಆಸಿಡೇ. ಚೀಟಿಯಲ್ಲಿ ಯುಎನ್ 3412 ಅಂತ ಇದ್ದರೆ 85ರವರೆಗಿನದ್ದು, ಯುಎನ್ 1779 ಅಂತ ಇದ್ದರೆ ಅದಕ್ಕಿಂತ ಖಾರದ್ದು. ಕೈಯ ಮೇಲೆ, ಲೋಹದ ಮೇಲೆ ಹನಿ ಬಿದ್ದು ತಿಂದು ಹೋಗುವ ಚಿತ್ರ ಇರುತ್ತದೆ, ಓದಲು ಬಾರದವರಿಗೂ ಅದು ಗೊತ್ತಾಗುತ್ತದೆ. ಆ ಚೀಟಿ ಹರಿಯದಂತೆ ನೋಡಿಕೊಳ್ಳಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಈಗ ಲೆಕ್ಕ ನೋಡಿ. ಅರ್ಧ ಕಿಲೋದ ಒಂದು ಶೀಟಿಗೆ ನೀರು ಸೇರಿಸಿದ ಹಾಲು 4 ಲೀಟರ್ ಬೇಕು. ಅದನ್ನು ಹೆಪ್ಪುಗಟ್ಟಿಸಲು ಈ ಆಸಿಡ್ ಬೇಕಾದ್ದು ಕೆಲವೇ ಮಿಲಿಲೀಟರ್, ಅದೂ ನೂರು ಪಾಲು ನೀರಿಗೆ ಒಂದು ಪಾಲಿನಂತೆ ತೆಳು ಮಾಡಿ. ನಿಮ್ಮ ಕೈಸಾಲೆಯಲ್ಲಿ ಕೂತ 35 ಕಿಲೋ ಅಂದರೆ ಸುಮಾರು 29 ಲೀಟರ್. ಅಷ್ಟನ್ನು ಒಂದು ಮನೆಯಲ್ಲಿಡುವ ಅಗತ್ಯವೇ ಇಲ್ಲ. ನಾಲ್ಕು ಮನೆ ಸೇರಿ ತರುವುದಾದರೆ ಕ್ಯಾನ್ ಸಂಘದಲ್ಲೇ ಇರಲಿ. ತೆಳು ಮಾಡಿದ್ದನ್ನು ಮನೆಗೆ ತನ್ನಿ. ತೆಳು ಮಾಡಿದ್ದು ಮೈಗೆ ಬಿದ್ದರೂ ತೊಳೆಯಲೇಬೇಕು, ಆದರೆ ಅದು ಕಣ್ಣು ತೆಗೆಯುವ ಜಾತಿಯದ್ದಲ್ಲ. ಅಪಾಯವೆಲ್ಲ ಇರುವುದು ಕ್ಯಾನಿನಿಂದ ಮೊದಲ ಸಲ ಬಗ್ಗಿಸುವ ಆ ಒಂದು ನಿಮಿಷದಲ್ಲಿ.

ಕ್ಯಾನ್ ವಾಲಿಸಿ ಬಗ್ಗಿಸಲೇಬೇಡಿ. ಕೈಯಲ್ಲಿ ಹಿಸುಕಿ ಎಳೆಯುವ ಪ್ಲಾಸ್ಟಿಕ್ ಪಂಪು ಸಿಗುತ್ತದೆ, ಸೀಮೆಎಣ್ಣೆಗೆ ಬಳಸುತ್ತಿದ್ದರಲ್ಲ, ಅಂಥದ್ದು. ಅದನ್ನು ಈ ಆಸಿಡಿಗೆ ಮಾತ್ರ ಇಟ್ಟುಕೊಳ್ಳಿ. ಬಾಯಿಯಿಂದ ಪೈಪಿನಲ್ಲಿ ಎಳೆಯುವವರನ್ನು ಕಂಡಿದ್ದೇನೆ. ಅಂಥವರ ಕೈಯಿಂದ ಪೈಪು ಕಿತ್ತುಕೊಳ್ಳಿ, ಮರ್ಯಾದೆ ನೋಡುತ್ತಾ ಕೂರಬೇಡಿ. ಬಗ್ಗಿಸುವುದು ಹೊರಗೆ, ಗಾಳಿ ಆಡುವಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಂತು. ಅದರ ಹಬೆ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಮೂಗಿಗೆ ಚುರ್ರೆನ್ನುವಷ್ಟು ವಾಸನೆ ಬಂತೆಂದರೆ ಅಲ್ಲಿ ನಿಲ್ಲಬಾರದು.

ಬಕೆಟಿಗೆ ಮೊದಲು ನೀರು, ಆಮೇಲೆ ಆಸಿಡ್. ಸಲ್ಫ್ಯೂರಿಕ್ ಆಸಿಡ್ ನೀರಿಗೆ ಬಿದ್ದಾಗ ಕುದಿಯುವಂತೆ ಇದು ಬಿಸಿಯಾಗುವುದಿಲ್ಲ, ಅದು ನಿಜ. ಆದರೂ ಆಸಿಡಿನ ಮೇಲೆ ನೀರು ಹೊಯ್ದರೆ ಹಾರುವುದು ಖಾರದ್ದೇ. ಸಲ್ಫ್ಯೂರಿಕ್ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ಕಡಿಮೆ ಬೆಲೆ ಎಂದು ಕೆಲವರು ಸಲ್ಫ್ಯೂರಿಕ್ ತರುತ್ತಾರೆ. ಎರಡನ್ನೂ ಒಂದೇ ಬಾಟ್ಲಿಗೆ, ಒಂದೇ ಅಳತೆ ಪಾತ್ರೆಗೆ ಹಾಕಬಾರದು. ಖಾರದ ಸಲ್ಫ್ಯೂರಿಕ್ ಫಾರ್ಮಿಕ್ಕಿಗೆ ಸೇರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ತಿರುಗಿ ಬಿದ್ದ ಮೇಲೆಯೇ ಗೊತ್ತಾಗುವುದು.

ನಮ್ಮ ಊರಿನ ಮನೆಗಳಲ್ಲಿ ಇನ್ನೊಂದು ಸಮಸ್ಯೆ. ತೋಟದ ಸಾಮಾನು ಎಲ್ಲವನ್ನೂ ಒಂದೇ ಮೂಲೆಗೆ ತಳ್ಳುವುದು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್, ಮೈಲುತುತ್ತು, ಸುಣ್ಣ, ಮಳೆಗಾಲದಲ್ಲಿ ಹಾಲು ಒಡೆಯದಂತೆ ಹಾಕುವ ಅಮೋನಿಯಾ, ಅದರ ನಡುವೆ ಆಸಿಡ್. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೋರಿದರೆ ಬರುವುದು ಕ್ಲೋರಿನ್ ಗಾಳಿ. ಆದ್ದರಿಂದ ಆಸಿಡಿಗೆ ಬೇರೆಯೇ ಜಾಗ ಮಾಡಿ. ಮನೆಯಿಂದ, ದನದ ಹಟ್ಟಿಯಿಂದ, ಬಾವಿಯಿಂದ ದೂರ, ನೆರಳಿನಲ್ಲಿ, ನೆಲದ ಮೇಲೆ. ಎತ್ತರದ ಅಟ್ಟದಲ್ಲಿ ಬೇಡ, ಇಳಿಸುವಾಗ ಮುಖಕ್ಕೇ ಬೀಳುತ್ತದೆ. ಕ್ಯಾನಿನ ಅಡಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಡಿ, ಸೋರಿದರೆ ಅದರಲ್ಲೇ ನಿಲ್ಲಲಿ. ಕಬ್ಬಿಣದ ಡಬ್ಬ, ಅಲ್ಯೂಮಿನಿಯಂ ಪಾತ್ರೆ ಖಾರದ ಆಸಿಡಿಗೆ ಆಗುವುದೇ ಇಲ್ಲ. ಒಲೆ, ಹೊಗೆಗೂಡಿನ ಹತ್ತಿರವೂ ಬೇಡ, ಈ ಆಸಿಡಿಗೆ ಬೆಂಕಿ ಹತ್ತುತ್ತದೆ. ಬಾಗಿಲು, ಬೀಗ ಇರಲಿ. ತಂಪು ಪಾನೀಯದ ಬಾಟ್ಲಿಯನ್ನು ಇವತ್ತೇ ಖಾಲಿ ಮಾಡಿ. ಇವತ್ತೇ.

ನೆಲಕ್ಕೆ ಚೆಲ್ಲಿದರೆ: ಸ್ವಲ್ಪವಾದರೆ ಗಾಳಿ ಆಡಲು ಬಿಟ್ಟು, ಗ್ಲೌಸ್ ಹಾಕಿ, ಒಣ ಮಣ್ಣು ಅಥವಾ ಹೊಯ್ಗೆ ಸುತ್ತಲಿನಿಂದ ಹಾಕುತ್ತಾ ಮಧ್ಯಕ್ಕೆ ಬನ್ನಿ. ಮರದ ಹೊಟ್ಟು, ಅಡಿಕೆ ಸಿಪ್ಪೆ ಬೇಡ. ಆಮೇಲೆ ಅದಕ್ಕೆ ವಾಷಿಂಗ್ ಸೋಡಾ ಇಲ್ಲವೇ ಸುಣ್ಣ ಸ್ವಲ್ಪ ಸ್ವಲ್ಪವೇ ಸೇರಿಸಿ, ನೊರೆ ಬರುವುದು ನಿಂತ ಮೇಲೆ ಪ್ಲಾಸ್ಟಿಕ್ ಸಲಿಕೆಯಲ್ಲಿ ತೆಗೆದು, ಉಳಿದದ್ದನ್ನು ಧಾರಾಳ ನೀರಿನಲ್ಲಿ ತೊಳೆಯಿರಿ. ನಿಮ್ಮ ಮಾವನವರ ಸುಣ್ಣಕ್ಕೆ ಕೆಲಸ ಇರುವುದು ಇಲ್ಲಿ, ನೆಲದ ಮೇಲೆ. ನೀರು ಹರಿದು ಎಲ್ಲಿ ಹೋಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳು ಇನ್ನೂ ಇವೆ, ಗುಡ್ಡದ ಮೇಲೆ ಚೆಲ್ಲಿದ್ದು ಮುರಕಲ್ಲಿನೊಳಗೆ ಇಳಿದು ಎಲ್ಲಿ ಹೊರಡುತ್ತದೆ ಎಂದು ಹೇಳಲಾಗದು. ಇಡೀ ಕ್ಯಾನ್ ಒಡೆದು ಹೋದರೆ ನೀವೇ ಸಾಹಸ ಮಾಡಬೇಡಿ, ಜನರನ್ನು ಗಾಳಿ ಬರುವ ದಿಕ್ಕಿಗೆ ಕಳಿಸಿ, 101ಕ್ಕೆ ಫೋನ್ ಮಾಡಿ ಫೈರ್ ಫೋರ್ಸಿನವರನ್ನು ಕರೆಯಿರಿ.

ಮೈಗೆ ಬಿದ್ದದ್ದರ ಬಗ್ಗೆ ಆಸ್ಪತ್ರೆಯವರು ಯಾರಾದರೂ ಬರೆದರೆ ಒಳ್ಳೆಯದು.

---

ಕುಂಬ್ಳೆ ಸಿಸ್ಟರ್ ಉತ್ತರಿಸಿದ್ದು:

ಅಕ್ಕಾ, ನಾನು ಮಂಗಳೂರಿನಲ್ಲಿ ಕ್ಯಾಶುವಾಲ್ಟಿಯಲ್ಲಿ ನರ್ಸ್. ನಮ್ಮ ಊರಿನ ಕಡೆಯಿಂದ ಬರುವ ರಬ್ಬರ್ ಆಸಿಡ್ ಕೇಸು ನೋಡಿ ನೋಡಿ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಗಾಯ ಎಷ್ಟು ಆಳ ಅನ್ನುವುದು ತೀರ್ಮಾನವಾಗುವುದು ನಮ್ಮ ಆಸ್ಪತ್ರೆಯಲ್ಲಲ್ಲ, ನಿಮ್ಮ ಅಂಗಳದಲ್ಲಿ. ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಇಲ್ಲಿಗೆ ಬರುವಾಗ ಒಂದೂವರೆ ಎರಡು ಗಂಟೆ ಆಗಿರುತ್ತದೆ. ತೊಳೆಯದೆ ಬಂದವರ ಚರ್ಮದಲ್ಲಿ ಅಷ್ಟು ಹೊತ್ತೂ ಆಸಿಡ್ ಕೆಲಸ ಮಾಡುತ್ತಲೇ ಇರುತ್ತದೆ. 2020ರಲ್ಲಿ ಕೊರೊನಾ ಸಮಯ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆಲ್ಲ ಗೊತ್ತುಂಟು. ದಾರಿಯನ್ನು ನಂಬಿ ಕೂರಬೇಡಿ, ಮನೆಯ ನೀರನ್ನು ನಂಬಿ.

ಚರ್ಮಕ್ಕೆ ಬಿದ್ದರೆ ಹರಿಯುವ ನೀರು, ಕನಿಷ್ಠ 20 ನಿಮಿಷ. ಗಡಿಯಾರ ನೋಡಿ. ಉರಿ ತಾಳಲಾರದೆ ಎರಡು ನಿಮಿಷಕ್ಕೆ ‘ಸಾಕು, ಹೋಗುವ’ ಅಂತ ಎಲ್ಲರೂ ಹೊರಡುತ್ತಾರೆ. ಬಿಡಬೇಡಿ. ನೀರು ಸುರಿಯುತ್ತಿರುವಾಗಲೇ ಆಸಿಡ್ ತಾಗಿದ ಬಟ್ಟೆ, ಬಳೆ, ವಾಚು, ಉಂಗುರ, ಚಪ್ಪಲಿ ಎಲ್ಲ ತೆಗೆಸಿ. ಹೆಂಗಸರಾದರೆ ಗಂಡಸರೆಲ್ಲ ಸುತ್ತ ನಿಂತಿದ್ದಾರೆಂದು ರವಿಕೆ ತೆಗೆಯದೆ ಹಾಗೇ ಇರುತ್ತಾರೆ, ಬಟ್ಟೆಯಡಿಯಲ್ಲಿ ಆಸಿಡ್ ಕೂತು ಸುಡುತ್ತದೆ. ಒಂದು ಬೆಡ್‌ಶೀಟ್ ಅಡ್ಡ ಹಿಡಿಯಿರಿ, ಆದರೆ ತೆಗೆಸಿ. ತಲೆಯ ಮೇಲಿನಿಂದ ಕಳಚುವ ಬಟ್ಟೆಯಾದರೆ ಕತ್ತರಿ ಹಾಕಿ, ಮುಖಕ್ಕೆ ಉಜ್ಜಿಕೊಂಡು ಹೋಗಬಾರದು. ಸಹಾಯ ಮಾಡುವವರೂ ಗ್ಲೌಸ್ ಹಾಕಬೇಕು, ಸಿಗದಿದ್ದರೆ ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಸುತ್ತಿಕೊಳ್ಳಿ.

ಕಣ್ಣಿಗಾದರೆ ಅರ್ಧ ಗಂಟೆ. ತಲೆಯನ್ನು ಏಟಾದ ಕಣ್ಣಿನ ಕಡೆಗೆ ವಾಲಿಸಿ, ಇಲ್ಲದಿದ್ದರೆ ತೊಳೆದ ನೀರು ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ಉರಿಗೆ ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬೆರಳಿನಿಂದ ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡನ್ನೂ ಬಿಡಿಸಿ ಹಿಡಿದು, ಮೂಗಿನ ಬದಿಯಿಂದ ಕಿವಿಯ ಬದಿಗೆ ಮೆಲ್ಲನೆ ನೀರು ಬಿಡಿ. ಕಣ್ಣನ್ನು ಆಚೆ ಈಚೆ ತಿರುಗಿಸಲು ಹೇಳಿ. ರಭಸದ ಪೈಪು ಬೇಡ. ಉಜ್ಜಲು ಬಿಡಬೇಡಿ.

ಎಣ್ಣೆ ಬೇಡ. ಅರಶಿನ, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಬೇಡ, ಅವು ಆಸಿಡನ್ನು ಅಡಿಯಲ್ಲೇ ಹಿಡಿದಿಡುತ್ತವೆ, ಆಮೇಲೆ ನಾವು ಅದನ್ನು ಕೆರೆದು ತೆಗೆಯುವಾಗ ನಿಮಗೆ ಎರಡನೇ ಸಲ ನೋವು. ಸುಣ್ಣ ಬೇಡವೇ ಬೇಡ. ಸುಣ್ಣ ತಾನೇ ಸುಡುವ ವಸ್ತು, ಕಣ್ಣಿಗಂತೂ ಕೆಲವೊಮ್ಮೆ ಆಸಿಡಿಗಿಂತ ಕೆಟ್ಟದ್ದು. ಸೋಡಾಪುಡಿಯೂ ಬೇಡ, ಆಸಿಡ್ ಜೊತೆ ಸೇರುವಾಗ ಬಿಸಿ ಹುಟ್ಟುತ್ತದೆ, ಪುಡಿ ಹುಡುಕುವಷ್ಟರಲ್ಲಿ ತೊಳೆಯುವ ಸಮಯ ಹೋಗುತ್ತದೆ. ರಬ್ಬರ್ ಹಾಲಿನ ಮಾತು ಕೇಳಿ ನನಗೆ ಮೈ ಜುಂ ಎಂದಿತು. ಅದು ಗಾಯದ ಮೇಲೆ ಹೆಪ್ಪಾಗಿ ಅಂಟಿ ಕೂರುತ್ತದೆ, ಎಳೆದರೆ ಚರ್ಮವೇ ಬರುತ್ತದೆ. ಆ ಅಣ್ಣನಿಗೆ ಬೈಯಬೇಡಿ, ಹೆಂಡತಿಯನ್ನು ಉಳಿಸಲು ನೋಡಿದ್ದು ಪಾಪ, ಆದರೆ ಕಾರಣ ಬಿಡಿಸಿ ಹೇಳಿ.

ಗುಳ್ಳೆ ಒಡೆಯಬೇಡಿ, ಸಡಿಲವಾಗಿ ಒಗೆದ ಬಟ್ಟೆ ಹೊದೆಸಿ ಕರೆತನ್ನಿ. ಮೇಲಿನ ಗಾಯ ಸಣ್ಣದು ಕಂಡರೂ ತಡ ಮಾಡಬೇಡಿ. ಈ ಆಸಿಡ್ ಚರ್ಮದ ಮೂಲಕ ರಕ್ತಕ್ಕೆ ಹೋಗುತ್ತದೆ. ಹೆಚ್ಚು ಜಾಗ ಸುಟ್ಟಿದ್ದರೆ ರಕ್ತ ಹುಳಿಯಾಗುತ್ತದೆ, ರಕ್ತದ ಕಣ ಒಡೆಯುತ್ತದೆ, ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗಿತೆಂದರೆ ಡಾಕ್ಟರಿಗೆ ಕೂಡಲೇ ಹೇಳಿ.

ಕುಡಿದರೆ, ಮಕ್ಕಳಾಗಲಿ ದೊಡ್ಡವರಾಗಲಿ: ವಾಂತಿ ಮಾಡಿಸಬೇಡಿ. ಇಳಿಯುವಾಗ ಒಮ್ಮೆ ಸುಟ್ಟ ಗಂಟಲು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಉಪ್ಪುನೀರು, ಲಿಂಬೆ, ಮೊಟ್ಟೆ, ಸೋಡಾ, ಎಣ್ಣೆ ಕೊಡಬೇಡಿ. ಎಚ್ಚರ ಇದ್ದು ನುಂಗಲು ಆಗುವುದಾದರೆ ಬಾಯಿ ಚೆನ್ನಾಗಿ ಮುಕ್ಕಳಿಸಿ ಉಗುಳಿಸಿ, ಒಂದೆರಡು ಗುಟುಕು ನೀರು ಸಾಕು. ನೇರ ಆಸ್ಪತ್ರೆಗೆ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಬೆರೆಸಿದ್ದನ್ನು ಕುಡಿದು ಜನ ಕುರುಡಾಗುತ್ತಾರಲ್ಲ, ಅಲ್ಲಿ ಮೈಯೊಳಗೆ ತಯಾರಾಗುವ ವಿಷ ಇದೇ ಫಾರ್ಮಿಕ್ ಆಸಿಡ್. ಅಷ್ಟು ಗಂಭೀರ. ಡಯಾಲಿಸಿಸ್ ಇರುವ ಆಸ್ಪತ್ರೆ ಯಾವುದು, ಎಷ್ಟು ದೂರ ಅಂತ ಮೊದಲೇ ವಿಚಾರಿಸಿಡಿ. ಆಂಬ್ಯುಲೆನ್ಸಿಗೆ 108, ಯಾವುದೂ ಸಿಗದಿದ್ದರೆ 112. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117. ಆಸಿಡಿನ ಹೆಸರು, ಎಷ್ಟು ಶೇಕಡಾದ್ದು, ಎಷ್ಟು ಹೊತ್ತಿಗೆ ಆದದ್ದು ಇಷ್ಟನ್ನು ಹೇಳಿ.

ಹಬೆ ಎಳೆದವರು ಈಗ ಸರಿಯಾಗಿದ್ದೇವೆ ಅಂತ ಮನೆಗೆ ಹೋಗುತ್ತಾರೆ, ಕೆಲವು ಗಂಟೆ ಕಳೆದ ಮೇಲೆ ಉಸಿರು ಕಟ್ಟುವುದುಂಟು. ಕೆಮ್ಮು ನಿಲ್ಲದಿದ್ದರೆ ತೋರಿಸಲೇಬೇಕು.

ಇನ್ನೊಂದು ಮಾತು, ಬರೆಯಬೇಕೋ ಬೇಡವೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ಈ ಆಸಿಡ್ ಕುಡಿದು ಬರುವವರೆಲ್ಲ ಗೊತ್ತಿಲ್ಲದೆ ಕುಡಿದವರಲ್ಲ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದವರಿದ್ದರೆ ಆ ಬೀಗದ ಕೈ ಒಬ್ಬರ ಹತ್ತಿರವೇ ಇರಲಿ, ಅವರ ಜೊತೆ ಕೂತು ಮಾತಾಡಿ.

---

ಅಡೂರು ಕೃಷಿಕ ಬರೆದದ್ದು:

ಇಷ್ಟೆಲ್ಲ ಹೆದರಿಸುವುದು ಬೇಡ ಅಂತ ನನ್ನ ಅಭಿಪ್ರಾಯ. ನಮ್ಮ ಅಪ್ಪನ ಕಾಲದಿಂದ ಬರಿಗೈಯಲ್ಲೇ ಮಾಡಿಕೊಂಡು ಬಂದದ್ದು. ಹನಿ ಬಿದ್ದರೆ ಒರೆಸಿಕೊಂಡು ಕೆಲಸ ಮುಂದುವರಿಸುವುದು. ಶೀಟಿಗೆ ಸಿಗುವ ರೇಟಿನಲ್ಲಿ ಕನ್ನಡಕ, ಏಪ್ರನ್ ಅಂತ ತೆಗೆಯಲು ಯಾರಿಗೆ ಆಗುತ್ತದೆ? ಗ್ಲೌಸ್ ಹಾಕಿದರೆ ಬಾಟ್ಲಿ ಹಿಡಿಯಲಿಕ್ಕೇ ಸರಿ ಆಗುವುದಿಲ್ಲ.

---

ಪೆರ್ಲದವ ಉತ್ತರಿಸಿದ್ದು:

ಅಣ್ಣ, ನಿಮ್ಮ ಕೈಗೆ ಬಿದ್ದದ್ದು ಹೆಚ್ಚಿನ ಸಲ ತೆಳು ಮಾಡಿದ್ದೇ ಆಗಿರಬೇಕು, ಅದಕ್ಕೆ ಒರೆಸಿದರೆ ಸರಿಹೋದದ್ದು. ಖಾರದ್ದು ಕಣ್ಣಿಗೆ ಬಿದ್ದವರು ‘ನಮಗೆ ಏನೂ ಆಗಿಲ್ಲ’ ಎಂದು ಬರೆಯಲು ಇಲ್ಲಿಗೆ ಬರುವುದಿಲ್ಲ. ರೇಟಿನ ಮಾತು ನಿಜ. ಆದರೆ ಎಲ್ಲವನ್ನೂ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಒಂದನ್ನೇ ತೆಗೆಯಲು ಸಾಧ್ಯ ಅಂತಾದರೆ ಬದಿಯೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ತೆಗೆಯಿರಿ. ಕಡಿಮೆ ಬೆಲೆಗೆ ಸಿಗುತ್ತದೆ. ಕೈ ಸುಟ್ಟರೆ ಚರ್ಮ ಬರುತ್ತದೆ, ಕಣ್ಣು ಬರುವುದಿಲ್ಲ. ಗ್ಲೌಸ್ ನಿಯೋಪ್ರೀನ್ ಅಥವಾ ಬ್ಯೂಟೈಲಿನದ್ದು ಆಗಬೇಕು, ಆಸ್ಪತ್ರೆಯಲ್ಲಿ ಹಾಕುವ ತೆಳು ಗ್ಲೌಸ್ ಈ ಆಸಿಡಿಗೆ ಲೆಕ್ಕಕ್ಕಿಲ್ಲ. ಬಾಟ್ಲಿ ಜಾರುತ್ತದೆ ಎಂದರೆ ಹಿಡಿ ಇರುವ ಅಗಲ ಬಾಯಿಯ ಪ್ಲಾಸ್ಟಿಕ್ ಜಗ್ಗಿಗೆ ಎಳೆದುಕೊಳ್ಳಿ.

---

ನೀರ್ಚಾಲು ಮಾಸ್ತ್ರು ಬರೆದದ್ದು:

ನಾನು ರಸಾಯನಶಾಸ್ತ್ರ ಕಲಿಸುವವನು. ಮೇಲಿನ ಇಬ್ಬರೂ ಬರೆದದ್ದು ಸರಿಯಾಗಿದೆ. ಸುಣ್ಣ ಆಮ್ಲವನ್ನು ತಟಸ್ಥಗೊಳಿಸುತ್ತದೆ ಎಂದು ನಾವೇ ತರಗತಿಯಲ್ಲಿ ಹೇಳಿಕೊಡುತ್ತೇವೆ. ಮಕ್ಕಳು ಅದನ್ನು ಮನೆಗೆ ಒಯ್ದು ಹೇಳುತ್ತಾರೆ. ಪರೀಕ್ಷಾನಳಿಕೆಯಲ್ಲಿ ಅದು ನಿಜ, ಅಲ್ಲಿ ಅಳತೆ ನಮ್ಮ ಕೈಯಲ್ಲಿರುತ್ತದೆ. ಮೈಮೇಲೆ ಬಿದ್ದ ಆಮ್ಲಕ್ಕೆ ಎಷ್ಟು ಸುಣ್ಣ ಎಂದು ಅಳೆಯುವವರು ಯಾರು? ಹೆಚ್ಚಾದ ಸುಣ್ಣ ಕ್ಷಾರವಾಗಿ ಸುಡುತ್ತದೆ. ನೀರಿಗೆ ಅಳತೆ ಬೇಕಾಗಿಲ್ಲ, ಅದು ಬಿಸಿಯನ್ನೂ ಒಯ್ಯುತ್ತದೆ, ಆಮ್ಲವನ್ನೂ ಒಯ್ಯುತ್ತದೆ. ಮಾವನವರಿಗೆ ಹೀಗೆ ಹೇಳಿದರೆ ಒಪ್ಪಿಯಾರು.

ಒಂದು ಸೇರ್ಪಡೆ: 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟದ ಬಗ್ಗೆ ಸೂಚನೆ ಕೊಟ್ಟಿದೆ. ಕೊಳ್ಳುವವರ ಗುರುತು ದಾಖಲಿಸಬೇಕು, 18 ವರ್ಷ ತುಂಬದವರಿಗೆ ಮಾರಬಾರದು. ಶಾಲೆಗೆ ಹೋಗುವ ಮಗನನ್ನು ಬೈಕಿನಲ್ಲಿ ಕಳಿಸಿ ಆಸಿಡ್ ತರಿಸುವ ಮನೆಗಳು ನಮ್ಮಲ್ಲಿವೆ. ದಯವಿಟ್ಟು ಹಾಗೆ ಮಾಡಬೇಡಿ. ಬೈಕ್ ಬಿದ್ದರೆ ಮಗುವಿನ ಮೈಮೇಲೆಯೇ ಒಡೆಯುವುದು.

---

ಬೆಳ್ಳೂರು ತೋಟ ಬರೆದದ್ದು:

ಎಲ್ಲರಿಗೂ ತುಂಬಾ ಉಪಕಾರ. ಇಲ್ಲಿ ಬರೆದದ್ದನ್ನೆಲ್ಲ ಮಾವನವರಿಗೆ, ಟ್ಯಾಪಿಂಗ್ ಅಣ್ಣನಿಗೆ, ಅಕ್ಕನಿಗೆ ಒಟ್ಟಿಗೆ ಕೂರಿಸಿ ಓದಿ ಹೇಳಿದೆ. ಮಾಸ್ತ್ರು ಹೇಳಿದ ಅಳತೆಯ ಮಾತಿಗೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಹೌದು’ ಎಂದರು. ಬಾಟ್ಲಿ ಹೋಯಿತು. ಕ್ಯಾನ್ ಸಂಘಕ್ಕೆ ವಾಪಸ್ ಒಯ್ಯಲು ಮಾತಾಡಿ ಆಗಿದೆ, ಅಲ್ಲಿವರೆಗೆ ಹಳೆಯ ಪಂಪ್ ಶೆಡ್ಡಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ಶೀಟು ಮಾಡುವ ಜಾಗದ ಪಕ್ಕದಲ್ಲೇ, ಸ್ವಲ್ಪ ಎತ್ತರದಲ್ಲಿ, ನಳ್ಳಿ ಕೂರಿಸಿದ 200 ಲೀಟರಿನ ಡ್ರಮ್ಮು ಇಡುತ್ತಿದ್ದೇವೆ. ಕರೆಂಟಿಲ್ಲದಿದ್ದರೂ ನೀರು ತಾನಾಗಿ ಬರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬಾವಿ ತಳ ಕಾಣುತ್ತದೆ, ಆಗಲೂ ಆ ಡ್ರಮ್ಮಿನ ನೀರನ್ನು ಬೇರೆ ಯಾವುದಕ್ಕೂ ಮುಟ್ಟಬಾರದು ಎಂದು ಅತ್ತೆಯೇ ಎಲ್ಲರಿಗೂ ಹೇಳಿದ್ದಾರೆ.

ಗೋಡೆಯ ಹಾಳೆಯಲ್ಲಿ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ ಎಂದು ಹೀಗೆ ಬರೆದಿದ್ದೇನೆ: ‘ಆಸಿಡ್ ಬಿದ್ದರೆ ಕೂಡಲೇ ನೀರು. ಬಟ್ಟೆ ತೆಗೆಯಿರಿ. ಮೈಗೆ 20 ನಿಮಿಷ, ಕಣ್ಣಿಗೆ 30 ನಿಮಿಷ. ಸುಣ್ಣ, ಎಣ್ಣೆ, ಹಾಲು ಹಾಕಬೇಡಿ. ಕುಡಿದರೆ ವಾಂತಿ ಮಾಡಿಸಬೇಡಿ. 108.’ ಪಕ್ಕದಲ್ಲಿ ಅಣ್ಣನ ಮಗಳು ಕಣ್ಣು ತೊಳೆಯುವ ಚಿತ್ರ ಬಿಡಿಸಿ ಕೊಟ್ಟಿದ್ದಾಳೆ. ಮಳೆಗೆ ಹಾಳಾಗದಂತೆ ಲ್ಯಾಮಿನೇಶನ್ ಮಾಡಿಸಬೇಕು.

ಇನ್ನು ಎರಡು ಸಂಶಯ ಉಳಿದಿದೆ. ಹಿಂದಿನ ಖಾಲಿ ಕ್ಯಾನ್ ಎರಡಿವೆ, ನೆರೆಮನೆಯವರು ನೀರು ತುಂಬಿಸಲು ಕೇಳುತ್ತಿದ್ದಾರೆ, ಕೊಡಬಹುದಾ? ಮತ್ತೆ ಶೀಟು ಹಿಂಡಿದ ಹುಳಿ ನೀರು ಈಗ ತೋಡಿಗೆ ಹೋಗುತ್ತಿದೆ, ಅದನ್ನು ಎಂತ ಮಾಡುವುದು?

---

ಪೆರ್ಲದವ ಉತ್ತರಿಸಿದ್ದು:

ಕ್ಯಾನ್ ಕೊಡಬೇಡಿ ತಂಗಿ. ಎಷ್ಟು ತೊಳೆದರೂ ಅದರ ಮೇಲಿನ ಚೀಟಿ ಉದುರಿದ ಮೇಲೆ ಅದು ಎಂತದ್ದರ ಕ್ಯಾನ್ ಎಂದು ಯಾರಿಗೂ ನೆನಪಿರುವುದಿಲ್ಲ, ಒಂದು ದಿನ ತುಂಬಿದ ಆಸಿಡ್ ಕ್ಯಾನೂ ನೀರಿನ ಕ್ಯಾನೂ ಪಕ್ಕಪಕ್ಕ ಕೂರುತ್ತವೆ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲದಿದ್ದರೆ ಮೂರು ಸಲ ನೀರು ತುಂಬಿಸಿ ಕುಲುಕಿಸಿ ಖಾಲಿ ಮಾಡಿ, ಆ ನೀರನ್ನು ಮುಂದಿನ ಸಲ ಆಸಿಡ್ ತೆಳು ಮಾಡಲಿಕ್ಕೇ ಬಳಸಬಹುದು. ಆಮೇಲೆ ಅಡಿಗೆ ತೂತು ಹೊಡೆದು ಗುಜರಿಗೆ ಹಾಕಿ.

ಹುಳಿ ನೀರು ತೋಡಿಗೆ ಬಿಡುವುದು ನಿಲ್ಲಿಸಿ. ಅದರಲ್ಲಿ ಆಸಿಡ್ ತೀರಾ ಸ್ವಲ್ಪ, ಆದರೆ ಹಾಲಿನ ಸತ್ವ ಉಳಿದಿರುತ್ತದೆ, ಅದು ಕೊಳೆತು ನೀರಿನ ಗಾಳಿ ತಿನ್ನುತ್ತದೆ, ಮೀನು ಸಾಯುತ್ತದೆ, ಕೆಳಗಿನ ಮನೆಯವರಿಗೆ ನಾತ. ಬಾವಿ, ಸುರಂಗದಿಂದ ದೂರದಲ್ಲಿ ಒಂದು ಹೊಂಡಕ್ಕೆ ಬಿಡಿ, ಸ್ವಲ್ಪ ಸುಣ್ಣ ಹಾಕಿ. ನಿಮ್ಮಲ್ಲಿ ಹಟ್ಟಿಗೊಬ್ಬರದ ಗ್ಯಾಸ್ ಇದ್ದರೆ ಈ ನೀರಿನಿಂದಲೂ ಗ್ಯಾಸ್ ಬರುತ್ತದೆ, ರಬ್ಬರ್ ಬೋರ್ಡಿನವರು ಅದನ್ನು ಹೇಳಿಕೊಡುತ್ತಾರೆ. ನಮ್ಮ ಪಕ್ಕದ ಮನೆಯಲ್ಲಿ ಹಾಗೆ ಮಾಡುತ್ತಿದ್ದಾರೆ. ಒಮ್ಮೆಲೇ ಹೆಚ್ಚು ಹುಳಿ ನೀರು ಬಿಟ್ಟರೆ ಗ್ಯಾಸ್ ನಿಂತುಹೋಗುತ್ತದೆ, ಸೆಗಣಿಯ ಜೊತೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ. ಈ ಕಡೆ ಬಂದಾಗ ಹೇಳಿ, ಅವರ ಟ್ಯಾಂಕಿ ತೋರಿಸುತ್ತೇನೆ.